ಹೊಲವೇ ಶಿಲ್ಪ, ಶಿಲ್ಪವೇ ಪ್ರಯೋಗ: ಕಲೆಯ ‘ಸಂಶೋಧನೆ’ಯನ್ನು ಹೇಗೆ ಪರೀಕ್ಷಿಸುವುದು?

ಮೊದಲು ಒಂದು ಪುಟ್ಟ ಹೊಲವನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. 60 ಅಡಿ ಉದ್ದ, 60 ಅಡಿ ಅಗಲದ ಒಂದು ಚೌಕ. ನಮ್ಮ ಲೆಕ್ಕದಲ್ಲಿ ಮೂರು ಗುಂಟೆಗೆ ತುಸು ಹೆಚ್ಚು. ಚೌಕದ ಒಳಗೊಂದು ವೃತ್ತ. ವೃತ್ತದ ನಡುವೆ ಒಂದನ್ನೊಂದು ಹಾಯುವ ಎರಡು ಕಾಲುದಾರಿಗಳು. ಸುತ್ತ ತಂತಿಬೇಲಿ. ಮೇಲಿನಿಂದ ನೋಡಿದರೆ ಬಂದೂಕಿನ ದುರ್ಬೀನಿನಲ್ಲಿ ಕಾಣುವ ಗುರಿಯ ಗುರುತಿನಂತಿರುತ್ತದೆ.

ಈ ಹೊಲ ಇದ್ದದ್ದು ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಬಳಿ, ಪಿಗ್ಸ್ ಐ ಎಂಬ ಹಳೆಯ ಕಸದ ಗುಡ್ಡೆಯ ಮೇಲೆ. ಅಲ್ಲಿನ ಮಣ್ಣಿನಲ್ಲಿ ಕ್ಯಾಡ್ಮಿಯಮ್ ಮೊದಲಾದ ಭಾರಲೋಹಗಳು ಸೇರಿಕೊಂಡಿದ್ದವು. 1991ರಲ್ಲಿ ಅಲ್ಲಿ ಗಿಡ ನೆಟ್ಟವರು ರೈತರಲ್ಲ, ಮೆಲ್ ಚಿನ್ ಎಂಬ ಶಿಲ್ಪಿ. ಅವರಿಗೆ ಬೆಂಬಲವಾಗಿ ನಿಂತದ್ದು ವಾಕರ್ ಆರ್ಟ್ ಸೆಂಟರ್ ಎಂಬ ಕಲಾ ಸಂಸ್ಥೆ. ಅಲ್ಲಿ ಯಾವ ಗಿಡ ನೆಡಬೇಕು, ಹೇಗೆ ನೆಡಬೇಕು ಎಂಬುದನ್ನು ಗೊತ್ತುಮಾಡುವಾಗ ಜೊತೆಗಿದ್ದವರು ಅಮೆರಿಕದ ಕೃಷಿ ಇಲಾಖೆಯ ಮಣ್ಣು ವಿಜ್ಞಾನಿ ರೂಫಸ್ ಚೇನಿ. ಈ ಕೆಲಸಕ್ಕೆ ‘ರಿವೈವಲ್ ಫೀಲ್ಡ್’ ಎಂದು ಹೆಸರಿಟ್ಟರು. ಪುನರುಜ್ಜೀವನದ ಹೊಲ ಎನ್ನಬಹುದು.

ಒಂದು ವಿಜ್ಞಾನ ಪತ್ರಿಕೆಯಲ್ಲಿ ಕಲಾಕೃತಿಯ ವಿಮರ್ಶೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕಳೆದ ಮೂರು ದಶಕಗಳಲ್ಲಿ ಕಲಾ ಶಾಲೆಗಳು ‘ಸಂಶೋಧನೆ’ ಎಂಬ ಮಾತನ್ನು ಧಾರಾಳವಾಗಿ ಬಳಸತೊಡಗಿವೆ. 1993ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್ ಅವರು ಕಲೆಯ ಬಗೆಗಿನ ಸಂಶೋಧನೆ, ಕಲೆಯ ಮೂಲಕ ನಡೆಯುವ ಸಂಶೋಧನೆ, ಕಲೆಗಾಗಿ ಮಾಡುವ ಸಂಶೋಧನೆ ಎಂದು ಮೂರು ಬಗೆಗಳನ್ನು ಹೇಳಿದರು. ಮೊದಲನೆಯದು ಹಳೆಯದೇ: ಹೊಯ್ಸಳ ಶಿಲ್ಪದ ಕಾಲನಿರ್ಣಯ ಮಾಡುವವರು ಮಾಡುವುದು ಅದನ್ನೇ. ತಕರಾರು ಇರುವುದು ಎರಡನೆಯದರಲ್ಲಿ. ಚಿತ್ರ ಬರೆಯುವುದು, ಶಿಲ್ಪ ಕಡೆಯುವುದು, ಹೊಲ ಉಳುವುದು, ಇವೇ ಸಂಶೋಧನೆಯ ವಿಧಾನವಾಗಬಲ್ಲವೆ? ಬ್ರಿಟನ್ನಿನಲ್ಲಿ ಕಲಾಕೃತಿಯನ್ನೂ ಅದರ ಜೊತೆಗೆ ಒಂದು ಬರಹವನ್ನೂ ಒಪ್ಪಿಸಿ ಡಾಕ್ಟರೇಟ್ ಪಡೆಯುವ ಪದ್ಧತಿ ಈಗ ಸಾಮಾನ್ಯವಾಗಿದೆ. ಕಲಾವಿದರು ಪ್ರಯೋಗಾಲಯಕ್ಕೆ ಬರುತ್ತಿದ್ದಾರೆ, ವಿಜ್ಞಾನಿಗಳನ್ನು ಪ್ರದರ್ಶನಗಳಿಗೆ ಕರೆಯುತ್ತಿದ್ದಾರೆ. ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಕೇರಿ ನೋಡುವ ಹೊಣೆ ವಿಜ್ಞಾನ ಕಲಿಸುವವರದೂ ಹೌದು. ಹಾಗೆ ನೋಡುವುದಕ್ಕೆ ಚಿನ್ ಅವರ ಹೊಲದಷ್ಟು ಅನುಕೂಲವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಹೊಲದ ಹಿಂದಿರುವ ವಿಜ್ಞಾನವನ್ನು ಮೊದಲು ನೋಡೋಣ. ಮಣ್ಣಿನಲ್ಲಿ ಲೋಹ ಹೆಚ್ಚಾದರೆ ಬಹುಪಾಲು ಗಿಡಗಳು ಅದನ್ನು ಬೇರಿನಲ್ಲೇ ತಡೆಹಿಡಿಯುತ್ತವೆ, ಇಲ್ಲವೆ ಸೊರಗುತ್ತವೆ. ಕೆಲವು ಮಾತ್ರ ತದ್ವಿರುದ್ಧ. ಅವು ಲೋಹವನ್ನು ಬೇರಿನಿಂದ ಎತ್ತಿ ಕಾಂಡದ ಮೂಲಕ ಎಲೆಗೆ ಸಾಗಿಸಿ, ಎಲೆಯ ಹೊರಪದರದ ಜೀವಕೋಶಗಳ ರಸದಾನಿಗಳಲ್ಲಿ ಕೂಡಿಡುತ್ತವೆ. ಎಲೆಯ ಒಣತೂಕದ ಪ್ರತಿ ಕಿಲೋಗ್ರಾಮಿಗೆ 1000 ಮಿಲಿಗ್ರಾಮಿಗಿಂತ ಹೆಚ್ಚು ನಿಕ್ಕಲ್ ಅಥವಾ 100 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಡ್ಮಿಯಮ್ ಇದ್ದರೆ ಅಂಥ ಗಿಡವನ್ನು ಅತಿಸಂಚಯಿ ಸಸ್ಯ ಎಂದು ಕರೆಯುತ್ತಾರೆ. ಪೆಸಿಫಿಕ್ ಸಾಗರದ ನ್ಯೂ ಕೆಲಿಡೋನಿಯ ದ್ವೀಪದಲ್ಲಿ ಒಂದು ಮರವಿದೆ. ಅದರ ತೊಗಟೆಗೆ ಗಾಯ ಮಾಡಿದರೆ ಒಸರುವ ಹಾಲು ನೀಲಿ ಹಸಿರು. ಆ ಹಾಲನ್ನು ಒಣಗಿಸಿದರೆ ತೂಕದ ಕಾಲು ಭಾಗದವರೆಗೂ ನಿಕ್ಕಲ್ಲೇ! ಲೋಹವನ್ನು ಹೀಗೆ ಮೈಯಲ್ಲಿ ತುಂಬಿಕೊಂಡರೆ ಕೀಟಗಳೂ ರೋಗಾಣುಗಳೂ ಹತ್ತಿರ ಸುಳಿಯಲಾರವು, ಗಿಡಕ್ಕೆ ಆಗುವ ಲಾಭ ಅದೇ ಇರಬೇಕು ಎಂಬುದು ವಿಜ್ಞಾನಿಗಳ ಒಂದು ಊಹೆ.

ಇಂಥ ಗಿಡಗಳನ್ನು ಬೆಳೆದು, ಕೊಯ್ದು, ಸುಟ್ಟು, ಬೂದಿಯಿಂದ ಲೋಹವನ್ನು ಮರಳಿ ಪಡೆಯಬಹುದು, ಮಣ್ಣೂ ಶುದ್ಧವಾಗುತ್ತದೆ. ಈ ಯೋಚನೆಯನ್ನು ಚೇನಿ 1983ರಲ್ಲೇ ಬರೆದಿದ್ದರು. ಆದರೆ ಹೊಲದಲ್ಲಿ ಮಾಡಿ ನೋಡಲು ಅವರಿಗೆ ಹಣವೂ ಜಾಗವೂ ಒದಗಿರಲಿಲ್ಲ. ಇತ್ತ ಚಿನ್ ಅವರು, ದತ್ತೂರದ ಜಾತಿಯ ಗಿಡ ಭಾರಲೋಹಗಳನ್ನು ಹೀರಬಲ್ಲದು ಎಂಬ ಒಂದು ಲೇಖನ ಓದಿ, ಅದರ ಜಾಡು ಹಿಡಿದು ಹುಡುಕುತ್ತಾ ಚೇನಿಯವರನ್ನು ತಲಪಿದರು. ದತ್ತೂರ ಕೈಬಿಟ್ಟುಹೋಯಿತು. ಅದರ ಬದಲು ಬಂದದ್ದು ಯೂರೋಪಿನ ಬೆಟ್ಟಸೀಮೆಯ ಒಂದು ಗಿಡ್ಡ ಗಿಡ, ಆಗಿನ ಹೆಸರು ತ್ಲಾಸ್ಪಿ ಸೀರುಲೆಸೆನ್ಸ್. ಈಗ ಅದನ್ನು ನೊಕ್ಕಿಯ ಎಂಬ ಜಾತಿಗೆ ಸೇರಿಸಿದ್ದಾರೆ. ನಾವು ಒಗ್ಗರಣೆಗೆ ಹಾಕುವ ಸಾಸಿವೆಯ ಕುಟುಂಬದ್ದೇ ಅದು.

ಇಲ್ಲಿ ಒಂದು ವಿವರವನ್ನು ಗಮನಿಸಿ. ಕಲಾವಿದರ ಪ್ರಶ್ನೆಗೆ ವಿಜ್ಞಾನಿ ಕೊಟ್ಟ ಉತ್ತರ ‘ನಿಮ್ಮ ಗಿಡ ಸರಿಯಲ್ಲ, ಇದನ್ನು ನೆಡಿ’ ಎಂದು. ಕಲಾವಿದರು ಒಪ್ಪಿಕೊಂಡರು. ಹೊರನೋಟಕ್ಕೆ ಆಕರ್ಷಕವಾದ ದತ್ತೂರದ ದೊಡ್ಡ ಬಿಳಿ ಹೂಗಳ ಜಾಗದಲ್ಲಿ ನೆಲಕ್ಕೆ ಅಂಟಿದಂತಿರುವ ಕಳೆಗಿಡ. ಕೃತಿಯ ರೂಪವನ್ನು ತಥ್ಯಕ್ಕೆ ಒಪ್ಪಿಸಿದ ಈ ಹೆಜ್ಜೆಯೇ ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಮುಖ್ಯ ಘಟನೆ.

ವೃತ್ತವನ್ನು 96 ಪುಟ್ಟ ಪಾತಿಗಳಾಗಿ ವಿಂಗಡಿಸಿದರು. ತ್ಲಾಸ್ಪಿಯ ಜೊತೆಗೆ ಮುಸುಕಿನ ಜೋಳದ ಒಂದು ತಳಿ, ಲೆಟ್ಯೂಸ್, ಲೋಹ ಸಹಿಸುವ ಒಂದು ಜಾತಿಯ ಹುಲ್ಲು ಮುಂತಾದವನ್ನು ಹಾಕಿದರು. ಬೇರೆ ಬೇರೆ ಪಾತಿಗಳಲ್ಲಿ ಮಣ್ಣಿನ ಆಮ್ಲೀಯತೆಯನ್ನೂ ಗೊಬ್ಬರವನ್ನೂ ಬದಲಿಸಿದರು. ಒಂದೇ ಉಪಚಾರವನ್ನು ಹಲವು ಪಾತಿಗಳಲ್ಲಿ ಪುನರಾವರ್ತಿಸಿದರು. ವೃತ್ತದ ಹೊರಗೆ ಉಳಿದ ಚೌಕದ ಭಾಗವನ್ನು ಹೋಲಿಕೆಗೆಂದು ಬಿಟ್ಟರು. ಕೃಷಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ವಿನ್ಯಾಸ. ಒಂದೇ ಪಾತಿಯಲ್ಲಿ ಗಿಡ ಚೆನ್ನಾಗಿ ಬಂದರೆ ಅದಕ್ಕೆ ಆ ಮೂಲೆಯ ತೇವವೋ, ನೆರಳೋ ಕಾರಣವಾಗಿರಬಹುದು. ಪುನರಾವರ್ತನೆ ಇಲ್ಲದಿದ್ದರೆ ಏನನ್ನೂ ಹೇಳಲಾಗದು. 1993ರವರೆಗೆ ನಡೆದ ಈ ಪ್ರಯೋಗದಲ್ಲಿ ಕೊಯ್ದ ಗಿಡಗಳನ್ನು ವಿಶ್ಲೇಷಿಸಿದಾಗ ತ್ಲಾಸ್ಪಿಯ ಎಲೆ ಕಾಂಡಗಳಲ್ಲಿ ಗಣನೀಯ ಪ್ರಮಾಣದ ಕ್ಯಾಡ್ಮಿಯಮ್ ಸೇರಿದ್ದು ಕಂಡುಬಂದಿತು.

ಹಣದ ಕಥೆಯನ್ನೂ ಹೇಳಲೇಬೇಕು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ನಿಧಿಯ ಆಯ್ಕೆ ಸಮಿತಿ ಈ ಯೋಜನೆಗೆ 10,000 ಡಾಲರ್ ಅನುದಾನ ಕೊಡಬಹುದೆಂದು ಶಿಫಾರಸು ಮಾಡಿತು. ನಿಧಿಯ ಅಧ್ಯಕ್ಷ ಜಾನ್ ಫ್ರಾನ್‌ಮೇಯರ್ ಅದನ್ನು ತಡೆಹಿಡಿದರು. ಇದು ಕಲೆ ಹೇಗಾಗುತ್ತದೆ ಎಂಬುದು ಅವರ ಸಂದೇಹ. ಚಿನ್ ಅವರನ್ನು ಮುಖತಃ ಭೇಟಿಯಾಗಿ ವಾದಿಸಿದ ಮೇಲೆ ಅನುದಾನ ಮಂಜೂರಾಯಿತು. ಚಿನ್ ಅವರ ವಾದದ ತಿರುಳು ಸರಳ: ಶಿಲ್ಪಿ ಕಲ್ಲಿನಿಂದ ಬೇಡದ್ದನ್ನು ಕಡೆದು ತೆಗೆಯುತ್ತಾನೆ, ಇಲ್ಲಿ ಕಡೆಯಬೇಕಾದ ವಸ್ತು ವಿಷ ಸೇರಿದ ಮಣ್ಣು, ಉಳಿ ಎಂದರೆ ಗಿಡದ ಜೀವರಸಾಯನ. ಕಡೆದು ಮುಗಿದಾಗ ಕಣ್ಣಿಗೆ ಕಾಣುವ ಶಿಲ್ಪವೇ ಉಳಿದಿರುವುದಿಲ್ಲ, ಆರೋಗ್ಯವಾದ ಮಣ್ಣು ಮಾತ್ರ ಇರುತ್ತದೆ.

ಹೋಲಿಕೆ ಸೊಗಸಾಗಿದೆ. ಸೊಗಸಾದ ಹೋಲಿಕೆಗಳ ಬಗ್ಗೆ ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಎಚ್ಚರ ವಹಿಸಬೇಕು. ಒಂದು ಲೆಕ್ಕ ಮಾಡಿ ನೋಡೋಣ. ಕೆಳಗಿನ ಸಂಖ್ಯೆಗಳು ಸೇಂಟ್ ಪಾಲ್‌ನವಲ್ಲ, ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು.

ಒಂದು ಹೆಕ್ಟೇರ್ ನೆಲದಲ್ಲಿ 15 ಸೆಂಟಿಮೀಟರ್ ಆಳದವರೆಗಿನ ಮಣ್ಣಿನ ಗಾತ್ರ 1500 ಘನ ಮೀಟರ್. ತೂಕ ಹೆಚ್ಚುಕಡಿಮೆ 2000 ಟನ್, ಅಂದರೆ 20 ಲಕ್ಷ ಕಿಲೋಗ್ರಾಮ್. ಪ್ರತಿ ಕಿಲೋಗ್ರಾಮ್ ಮಣ್ಣಿನಲ್ಲಿ 10 ಮಿಲಿಗ್ರಾಮ್ ಕ್ಯಾಡ್ಮಿಯಮ್ ಇದೆ ಎಂದುಕೊಂಡರೆ ಒಟ್ಟು 20 ಕಿಲೋಗ್ರಾಮ್ ಆಯಿತು. ಇದನ್ನು ಕಿಲೋಗ್ರಾಮಿಗೆ 1 ಮಿಲಿಗ್ರಾಮಿಗೆ ಇಳಿಸಬೇಕಾದರೆ 18 ಕಿಲೋಗ್ರಾಮ್ ಹೊರತೆಗೆಯಬೇಕು. ಗಿಡ್ಡ ಗಿಡವಾದ್ದರಿಂದ ಒಂದು ಬೆಳೆಗೆ ಹೆಕ್ಟೇರಿಗೆ 2 ಟನ್ ಒಣಸೊಪ್ಪು ಬಂದೀತು. ಅದರಲ್ಲಿ ಕಿಲೋಗ್ರಾಮಿಗೆ 100 ಮಿಲಿಗ್ರಾಮ್ ಕ್ಯಾಡ್ಮಿಯಮ್ ಇದ್ದರೆ ಒಂದು ಬೆಳೆಯಿಂದ ಸಿಗುವುದು 200 ಗ್ರಾಮ್. ಎಷ್ಟು ಬೆಳೆ ಬೇಕು? 90! ಎಲೆಯಲ್ಲಿ ಅದರ ಹತ್ತರಷ್ಟು ಲೋಹ ಸೇರಿಸಿಕೊಳ್ಳುವ ತಳಿ ಸಿಕ್ಕಿದರೂ 9 ಬೆಳೆ ಬೇಕು. ಮಣ್ಣಿನಲ್ಲಿ ಲೋಹ ಕಡಿಮೆಯಾಗುತ್ತ ಹೋದಂತೆ ಗಿಡಕ್ಕೆ ಸಿಗುವುದೂ ಕಡಿಮೆಯಾಗುವುದರಿಂದ ನಿಜವಾದ ಸಂಖ್ಯೆ ಇನ್ನೂ ದೊಡ್ಡದು. ಸೀಸದ ವಿಷಯದಲ್ಲಂತೂ ಪರಿಸ್ಥಿತಿ ಮತ್ತೂ ಕಷ್ಟ. ಅದು ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ.

ಆದ್ದರಿಂದ ಮೂರು ವರ್ಷಗಳ ಹೊಲ ಆ ಮಣ್ಣನ್ನು ತೊಳೆದು ಮುಗಿಸಿತು ಎನ್ನಲಾಗದು. ಪ್ರದರ್ಶನಗಳ ಕೈಪಿಡಿಗಳಲ್ಲಿ ‘ಮಣ್ಣನ್ನು ಶುದ್ಧಗೊಳಿಸಿದ ಕಲಾಕೃತಿ’ ಎಂಬರ್ಥದ ಮಾತು ಎಲ್ಲಾದರೂ ಕಂಡರೆ ಈ ಲೆಕ್ಕವನ್ನು ಪಕ್ಕದಲ್ಲಿಟ್ಟು ಓದಿ. ಇಲ್ಲೇ ಈ ಕೆಲಸದ ಒಳಗಿನ ವಿರೋಧ ಕಾಣುವುದು. ಪ್ರಯೋಗವೆಂದು ನೋಡಿದರೆ ಇದು ಪೂರ್ಣ: ಪ್ರಶ್ನೆಯಿತ್ತು, ಹೋಲಿಕೆಯ ಪಾತಿಯಿತ್ತು, ಉತ್ತರ ಸಿಕ್ಕಿತು. ಶಿಲ್ಪವೆಂದು ನೋಡಿದರೆ ಅಪೂರ್ಣ: ಶಿಲ್ಪಿ ಮಾತು ಕೊಟ್ಟದ್ದು ಶುದ್ಧವಾದ ಮಣ್ಣನ್ನು, ಅದು ಅಲ್ಲಿ ಆಗಲಿಲ್ಲ. ಕಲಾ ವಿಮರ್ಶಕರು ಸಾಮಾನ್ಯವಾಗಿ ಶಿಲ್ಪದ ಗೆಲುವನ್ನು ಹೊಗಳಿ ಪ್ರಯೋಗವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೆ ಕಾಣುವುದು ಅದರ ತಿರುವು.

ಇನ್ನೂ ಕಠಿಣವಾದ ಆಕ್ಷೇಪವೊಂದಿದೆ. 1990ರ ದಶಕದ ಮೊದಲ ವರ್ಷಗಳಲ್ಲೇ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದವರು ತಮ್ಮ ವೋಬರ್ನ್ ಹೊಲದಲ್ಲಿ, ಚರಂಡಿ ಕೆಸರಿನಿಂದ ಲೋಹ ಸೇರಿದ್ದ ಮಣ್ಣಿನಲ್ಲಿ, ತ್ಲಾಸ್ಪಿ ಮುಂತಾದ ಗಿಡಗಳನ್ನು ಬೆಳೆದು ನೋಡಿದರು. ಅಲ್ಲಿ ಯಾವ ಶಿಲ್ಪಿಯೂ ಇರಲಿಲ್ಲ, ವೃತ್ತವೂ ಇರಲಿಲ್ಲ. ಫಲಿತಾಂಶಗಳು ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದವು. ಹಾಗಾದರೆ ಕಲೆ ಇಲ್ಲದಿದ್ದರೂ ಈ ಜ್ಞಾನ ಬರುತ್ತಿತ್ತು, ಅಲ್ಲವೆ? ಬರುತ್ತಿತ್ತು. ‘ಕಲೆಯಿಂದ ವಿಜ್ಞಾನಕ್ಕೆ ಹೊಸ ಜ್ಞಾನ’ ಎಂಬ ಘೋಷಣೆ ಈ ಮಟ್ಟಿಗೆ ಬೀಳುತ್ತದೆ.

ಆದರೆ ಕಲೆಯ ಪಾಲು ಸೊನ್ನೆಯೂ ಅಲ್ಲ. ಅಮೆರಿಕದಲ್ಲಿ ಚೇನಿಯವರ ಯೋಚನೆ ಕಾಗದದ ಮೇಲೆ ಕುಳಿತಿತ್ತು. ಅದಕ್ಕೆ ಒಂದು ತುಂಡು ನೆಲ, ಆ ನೆಲಕ್ಕೆ ಕಾಲಿಡಲು ಸರಕಾರದ ಅನುಮತಿ, ಖರ್ಚಿಗೆ ಹಣ, ಹೋಗಿ ನೋಡುವ ಜನ, ಇಷ್ಟನ್ನೂ ಒದಗಿಸಿದ್ದು ಶಿಲ್ಪಿ. ವಿಷ ತುಂಬಿದ ನೆಲಕ್ಕೆ ಪರವಾನಗಿ ಪಡೆಯುವುದು ಸುಲಭದ ಮಾತಲ್ಲ. ಕಚೇರಿಯಿಂದ ಕಚೇರಿಗೆ ಅಲೆಯುವ ಆ ಕೆಲಸವನ್ನು ಚಿನ್ ಕೃತಿಯ ಭಾಗವೆಂದೇ ಎಣಿಸಿದರು. ಸಂಶೋಧನೆ ಎಂದರೆ ಪ್ರಯೋಗಾಲಯದ ಒಳಗಿನದು ಮಾತ್ರ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಯಾವ ಪ್ರಶ್ನೆಗೆ ಹಣ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದೂ ವಿಜ್ಞಾನದ ಇತಿಹಾಸವೇ. ಆ ಅರ್ಥದಲ್ಲಿ ಈ ಹೊಲ ಎರಡು ಪ್ರಯೋಗಗಳನ್ನು ಒಟ್ಟಿಗೆ ನಡೆಸಿತು: ಒಂದು ಮಣ್ಣಿನ ಮೇಲೆ, ಇನ್ನೊಂದು ಅನುದಾನದ ವ್ಯವಸ್ಥೆಯ ಮೇಲೆ. ಮುಂದೆ ಪೆನ್ಸಿಲ್ವೇನಿಯದ ಪಾಮರ್ಟನ್ ಎಂಬ ಊರಿನಲ್ಲಿ, ಸತುವಿನ ಕುಲುಮೆಯಿಂದ ಕೆಟ್ಟ ನೆಲದಲ್ಲಿ, ಇಂಥದೇ ಇನ್ನೊಂದು ಹೊಲ ಎದ್ದಿತು.

ಗುರಿಯಾಕಾರದ ಆ ವೃತ್ತ ಬೇಕಿತ್ತೆ? ಆಯತಾಕಾರದ ಪಾತಿಗಳಾಗಿದ್ದರೆ ಅಳತೆಯೂ ಕೊಯ್ಲೂ ಸುಲಭವಾಗುತ್ತಿದ್ದವು. ಕಾಲುದಾರಿಗಳು ಗಿಡ ತುಳಿಯದೆ ಒಳಗೆ ಹೋಗಲು ಉಪಯೋಗಕ್ಕೆ ಬಂದವು, ಅಷ್ಟನ್ನು ಒಪ್ಪೋಣ. ಉಳಿದದ್ದು ಕ್ಯಾಮರಾಕ್ಕಾಗಿ. ದೊಡ್ಡ ದೋಷವಲ್ಲ, ಆದರೆ ಹೇಳದೆ ಬಿಡುವಂಥದ್ದೂ ಅಲ್ಲ.

ಇದರ ಪಕ್ಕದಲ್ಲಿ ಹೆಚ್ಚು ಪ್ರಸಿದ್ಧವಾದ ಇನ್ನೊಂದು ಕೃತಿಯನ್ನು ಇಟ್ಟು ನೋಡಿ. 2000ದಲ್ಲಿ ಎಡ್ವಾರ್ಡೊ ಕಾಟ್ಸ್ ಎಂಬ ಕಲಾವಿದರು ‘ಆಲ್ಬಾ’ ಎಂಬ ಮೊಲವನ್ನು ತಮ್ಮ ಕಲಾಕೃತಿಯೆಂದು ಪ್ರಕಟಿಸಿದರು. ಜೆಲ್ಲಿಮೀನಿನ ಹಸಿರು ಪ್ರತಿದೀಪ್ತ ಪ್ರೋಟೀನಿನ ಜೀನ್ ಸೇರಿಸಿದ ಬಿಳಿ ಮೊಲ ಅದು. (ಆ ಪ್ರೋಟೀನನ್ನು 1962ರಲ್ಲಿ ಬೇರ್ಪಡಿಸಿದ ಒಸಾಮು ಷಿಮೊಮುರ ಅವರಿಗೆ 2008ರಲ್ಲಿ ಇನ್ನಿಬ್ಬರೊಂದಿಗೆ ರಸಾಯನ ವಿಜ್ಞಾನದ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು.) ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಡಿಯಿಂದ ಮುಡಿವರೆಗೆ ಹಸಿರಾಗಿ ಹೊಳೆಯುವ ಮೊಲದ ಚಿತ್ರ ಬಂತು. ಮೊಲವನ್ನು ಬೆಳೆಸಿದ್ದ ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಲೂಯಿ ಮಾರಿ ಊಡ್‌ಬೀನ್ ಅವರು ಆಮೇಲೆ ಹೇಳಿದ್ದು ಬೇರೆ: ಮೊಲ ಹಾಗೆ ಕಾಣುವುದಿಲ್ಲ. ಕಾರಣವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಹೇಳಬಲ್ಲ. ತುಪ್ಪುಳು ಸತ್ತ ಅಂಗಾಂಶ, ಅಲ್ಲಿ ಜೀನ್ ಕೆಲಸ ಮಾಡುವುದಿಲ್ಲ. ಸರಿಯಾದ ಬೆಳಕು ಬಿಟ್ಟಾಗ ಕಣ್ಣು, ಕಿವಿಯಂಥ ತುಪ್ಪುಳಿಲ್ಲದ ಕಡೆ ಮಾತ್ರ ಹಸಿರು ಕಾಣುತ್ತದೆ.

ಆಲ್ಬಾ ಎಬ್ಬಿಸಿದ ಚರ್ಚೆ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಪ್ರಾಣಿಗಳ ಜೀನ್ ಬದಲಿಸುವ ಹಕ್ಕು ಯಾರಿಗಿದೆ ಎಂದು ಸಾಮಾನ್ಯ ಜನ ಕೇಳುವಂತಾಯಿತು. ಆದರೆ ಅದನ್ನು ಸಂಶೋಧನೆ ಎಂದು ಕರೆದರೆ ನಾನು ಒಪ್ಪಲಾರೆ. ಅಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಇರಲಿಲ್ಲ. ಚಿನ್ ಅವರ ಹೊಲದಲ್ಲಿ ತ್ಲಾಸ್ಪಿ ಲೋಹವನ್ನು ಹೀರದೆ ಹೋಗಿದ್ದರೆ ಕೃತಿಯೇ ಬೀಳುತ್ತಿತ್ತು. ಆಲ್ಬಾ ಬೀಳಲು ದಾರಿಯೇ ಇರಲಿಲ್ಲ. ಮೊಲ ಹೊಳೆಯದಿದ್ದರೂ ಚಿತ್ರ ಹೊಳೆಯುತ್ತಿತ್ತು.

ನಮ್ಮ ಬೆಂಗಳೂರಿನ ಒಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. 2009ರಲ್ಲಿ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳ ತಂಡವೊಂದು, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ನೆರವಿನೊಂದಿಗೆ, ಅಮೆರಿಕದ ಎಂ.ಐ.ಟಿ.ಯಲ್ಲಿ ನಡೆಯುತ್ತಿದ್ದ ಐಜೆಮ್ ಎಂಬ ಸಂಶ್ಲೇಷಿತ ಜೀವವಿಜ್ಞಾನ ಸ್ಪರ್ಧೆಯಲ್ಲಿ ಭಾಗವಹಿಸಿತು. ಉಳಿದ ತಂಡಗಳಲ್ಲಿ ಹೆಚ್ಚಾಗಿ ಇದ್ದವರು ಜೀವವಿಜ್ಞಾನ, ಎಂಜಿನಿಯರಿಂಗ್ ಓದುವವರು. ಇವರು ಕಲೆ ಮತ್ತು ವಿನ್ಯಾಸ ಕಲಿಯುವವರು. ಇವರು ಎತ್ತಿಕೊಂಡ ಕೆಲಸ: ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯನ್ನು ಈ. ಕೋಲೈ ಬ್ಯಾಕ್ಟೀರಿಯದಿಂದ ತರಿಸುವುದು. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ಸಂಯುಕ್ತ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸೀಸ್ ಬ್ಯಾಕ್ಟೀರಿಯಗಳು ಅದನ್ನು ತಯಾರಿಸುತ್ತವೆ. ಅದಕ್ಕೆ ಬೇಕಾದ ಕಿಣ್ವದ ಜೀನ್ ಯಾವುದೆಂದು ಗೊತ್ತಾದದ್ದು 2003ರ ಸುಮಾರಿಗೆ. ಆ ಜೀನನ್ನು ಈ. ಕೋಲೈಗೆ ಸಾಗಿಸುವುದು ಈ ತಂಡದ ಯೋಜನೆ.

ಪ್ರಶ್ನೆಯ ಆಯ್ಕೆ ನೋಡಿ. ಔಷಧಿಯಲ್ಲ, ಇಂಧನವಲ್ಲ, ಒಂದು ವಾಸನೆ! ಬೇಸಗೆಯ ಕೊನೆಗೆ ಮಳೆಗಾಗಿ ಕಾಯುವ ನಾಡಿನವರಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ ಎಂದರೆ ಅತಿಶಯವಾದೀತು, ಆದರೂ ಹಾಗೆ ಹೇಳುವ ಆಸೆಯಾಗುತ್ತದೆ. ಕಲೆಯ ವಿದ್ಯಾರ್ಥಿಗಳು ಅಲ್ಲಿ ವಿಜ್ಞಾನಕ್ಕೆ ಅಲಂಕಾರ ಮಾಡಲು ಹೋಗಲಿಲ್ಲ, ಪಿಪೆಟ್ಟು ಹಿಡಿದರು. ನಮ್ಮ ಶಾಲೆಗಳ ವಸ್ತುಪ್ರದರ್ಶನಗಳಲ್ಲಿ ‘ಚಿತ್ರಕಲೆ ಚೆನ್ನಾಗಿ ಬರುವವರು ಚಾರ್ಟ್ ಬರೆಯಿರಿ, ಉಳಿದವರು ಮಾದರಿ ಮಾಡಿರಿ’ ಎಂದು ಹಂಚುವ ರೂಢಿಗೂ ಇದಕ್ಕೂ ಇರುವ ದೂರವನ್ನು ಶಿಕ್ಷಕರು ಗಮನಿಸಬೇಕು. ಈ ಕೆಲಸಕ್ಕೂ ಒಂದು ತೊಡಕಿದೆ. ಜೀನ್ ಬದಲಿಸಿದ ಜೀವಿಗಳನ್ನು ಹೊರಗೆ ಬಿಡಲು ಭಾರತದಲ್ಲಿ 1989ರ ನಿಯಮಗಳ ಪ್ರಕಾರ ಅನುಮತಿ ಬೇಕು. ಹಾಗಾಗಿ ಇಂಥ ಕೃತಿಯನ್ನು ಗ್ಯಾಲರಿಯಲ್ಲಿ ಬಂದವರಿಗೆಲ್ಲ ಮೂಸಲು ಕೊಡಲಾಗದು. ಚಿತ್ರ, ಬರಹಗಳ ಮೂಲಕವೇ ತಿಳಿಸಬೇಕು. ಮೂಗಿಗೆ ಸೇರಬೇಕಾದದ್ದು ಕಣ್ಣಿಗೆ ಸೇರಿದರೆ ಕೃತಿ ಅರ್ಧವಾಯಿತೆಂದೇ ಲೆಕ್ಕ.

ಆದರೆ ಜಿಯೋಸ್ಮಿನ್ ಮೂಸಲು ಜೀನ್ ತಂತ್ರಜ್ಞಾನವೇನೂ ಬೇಡ. ಬೀಟ್‌ರೂಟಿಗೆ ಮಣ್ಣಿನ ವಾಸನೆ ಬರುವುದು ಇದೇ ಸಂಯುಕ್ತದಿಂದ. ನೀರಿನ ಒಂದು ಲೀಟರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲಿ ಹತ್ತು ಪಾಲಿನಷ್ಟು ಇದ್ದರೂ ಬಹಳಷ್ಟು ಜನರ ಮೂಗು ಅದನ್ನು ಗುರುತಿಸುತ್ತದೆ. ತರಗತಿಯಲ್ಲಿ ಹೀಗೆ ಮಾಡಬಹುದು. ಬೀಟ್‌ರೂಟನ್ನು ಸಿಪ್ಪೆ ಸಹಿತ ತುರಿದು ನೀರಿನಲ್ಲಿ ನೆನೆಸಿ ಸೋಸಿಕೊಳ್ಳಿ. ಅದರಲ್ಲಿ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ. ಅದರಿಂದ ಮತ್ತೆ ಒಂದು ಪಾಲು ತೆಗೆದು ಒಂಬತ್ತು ಪಾಲು ನೀರು. ಹೀಗೆ ಐದಾರು ಲೋಟಗಳಾಗಲಿ. ಬಣ್ಣ ಗುಟ್ಟು ಬಿಟ್ಟುಕೊಡುವುದರಿಂದ ಮೂಸುವವರ ಕಣ್ಣಿಗೆ ಬಟ್ಟೆ ಕಟ್ಟಿ. ನಡುನಡುವೆ ಬರೀ ನೀರಿನ ಲೋಟಗಳನ್ನೂ ಇಡಿ, ಇಲ್ಲದಿದ್ದರೆ ಮಕ್ಕಳು ಊಹಿಸಿ ಹೇಳುತ್ತಾರೆ. ಯಾರ ಮೂಗು ಎಷ್ಟನೆಯ ಲೋಟದವರೆಗೆ ಹೋಯಿತು, ಯಾರು ಬರೀ ನೀರಿನಲ್ಲೂ ಮಣ್ಣಿನ ವಾಸನೆ ಹಿಡಿದರು ಎಂಬುದನ್ನು ಕೋಷ್ಟಕದಲ್ಲಿ ಬರೆದಿಡಿ. ವಾಸನೆ ಏನನ್ನು ನೆನಪಿಗೆ ತಂದಿತು ಎಂದೂ ಪ್ರತಿಯೊಬ್ಬರನ್ನೂ ಕೇಳಿ, ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲು ಮಾಡಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ.